ನಾಲ್ಕನೆಯ ಹಾಳೆ

"ಗಟ್ಟಿಯಾಗಿ ಹಿಡಿ ಟೀಚರಮ್ಮ. ಹೊದಿಕೆ ಹಿಂಡೋಕೆ ಬಂದಿದೀಯೋ, ಅದಕ್ಕೆ ಜೋಗುಳ ಹಾಡೋಕೋ?"

ದೊಡ್ಡಕ್ಕ ಆ ತುದಿಯಿಂದ ತಿರುಚಿದಳು. ಈ ತುದಿ ಟೀಚರಮ್ಮನ ಕೈಯಿಂದ ಜಾರಿ ಬಚ್ಚಲ ಕಲ್ಲಿನ ಮೇಲೆ ಬಿತ್ತು. ದೊಡ್ಡಕ್ಕ ಅಂದರೆ ಟೀಚರಮ್ಮನ ಗಂಡನ ಅಕ್ಕ. ಗಂಡ ತೀರಿಕೊಂಡು ಒಂಬತ್ತು ವರ್ಷವಾದರೂ ಇಬ್ಬರೂ ಒಂದೇ ಸೂರಿನಡಿ ಜಗಳವಾಡಿಕೊಂಡೇ ಹೊಂದಿಕೊಂಡಿದ್ದರು. ಟೀಚರಮ್ಮನ ಸಂಬಳದಲ್ಲಿ ಮನೆ ನಡೆಯುತ್ತಿತ್ತು, ದೊಡ್ಡಕ್ಕನ ಬಾಯಲ್ಲಿ ಮನೆ ಎಚ್ಚರವಾಗಿರುತ್ತಿತ್ತು.

"ಆ ಕಾಗದಕ್ಕೆ ಇವತ್ತೇ ಕಡೇ ದಿನ ಅಲ್ವಾ? ಹದಿನೆಂಟು ದಿನದಿಂದ ಬಟ್ಟೆ ಮಡಿಕೆ ಒಳಗಿಟ್ಟು ಕಾವು ಕೊಡ್ತಿದೀಯಲ್ಲ, ಮರಿ ಆಯ್ತೋ ಇಲ್ವೋ?"

ಟೀಚರಮ್ಮ ಬಿದ್ದ ತುದಿಯನ್ನು ಎತ್ತಿಕೊಂಡಳು.

ಚುನಾವಣೆಯ ದಿನ ಅವಳು ತನ್ನ ಶಾಲೆಯ ಮತಗಟ್ಟೆಗೆ ಮುಖ್ಯಸ್ಥೆಯಾಗಿದ್ದಳು. ಸಂಜೆ ಬಾಗಿಲು ಹಾಕಿ ಅಲ್ಲೇ ಎಣಿಸಿದಾಗ ಪೆಟ್ಟಿಗೆಯಲ್ಲಿದ್ದದ್ದು ನಾನೂರ ಹನ್ನೆರಡು ಮತ. ಎರಡು ಸಲ ಎಣಿಸಿದರೂ ಅಷ್ಟೇ. ನಾಲ್ಕು ದಿನದ ಮೇಲೆ ಪ್ರಕಟವಾದ ಪಟ್ಟಿಯಲ್ಲಿ ಅದೇ ಮತಗಟ್ಟೆಯ ಮುಂದೆ ಆರುನೂರ ನಲವತ್ತೊಂದು ಇತ್ತು. ಕಣ್ಣುಜ್ಜಿಕೊಂಡು ನೋಡಿದರೂ ಆರುನೂರ ನಲವತ್ತೊಂದೇ.

ಇಂಥ ದೂರುಗಳನ್ನು ವಿಚಾರಿಸಲು ನಿವೃತ್ತ ನ್ಯಾಯಾಧೀಶರ ಸಮಿತಿಯೊಂದು ಕೂತಿತ್ತು. ಮತಗಟ್ಟೆಯ ಮುಖ್ಯಸ್ಥರೇ ಬರೆದು ತಿಳಿಸಿದರೆ ಅಲ್ಲಿಯ ಮತಗಳ ಚೀಲ ಬಿಚ್ಚಿ ಮತ್ತೆ ಎಣಿಸುತ್ತೇವೆ, ಕಾಗದ ಇವತ್ತಿನೊಳಗೆ ಅಂಚೆಯಲ್ಲಿ ರಿಜಿಸ್ಟರ್ ಆಗಿರಬೇಕು ಎಂದಿತ್ತು. ಆಮೇಲೆ ಚೀಲಗಳೆಲ್ಲ ಕಾಗದದ ಗಿರಣಿಗೆ. ಅಲ್ಲಿ ನಾನೂರೂ ಒಂದೇ, ಆರುನೂರೂ ಒಂದೇ, ಎಲ್ಲ ಕಲಸಿ ಗಂಜಿ.

ದೊಡ್ಡಕ್ಕನಿಗೆ ಇಷ್ಟು ಗೊತ್ತಿತ್ತು. ಸಹಿಯ ವಿಷಯ ಮಾತ್ರ ಗೊತ್ತಿರಲಿಲ್ಲ.

ಫಲಿತಾಂಶದ ಹಾಳೆಗಳು ನಾಲ್ಕು. ಹನ್ನೆರಡು ತಾಸು ದುಡಿದ ಮೇಲೆ ಕೈ ಸೋತು ಹೋಗುತ್ತದೆ, ಹೊರಗೆ ವ್ಯಾನಿನವನು ಹಾರನ್ ಮೇಲೆ ಹಾರನ್ ಹೊಡೆಯುತ್ತಾನೆ. ಅದಕ್ಕೇ ಬೆಳಿಗ್ಗೆಯೇ ನಾಲ್ಕಕ್ಕೂ ಸಹಿ ಹಾಕಿಟ್ಟುಕೊಳ್ಳುವುದು ಈ ಕೆಲಸ ಮಾಡುವವರಿಗೆಲ್ಲ ರೂಢಿ. ಅವಳೂ ಹಾಕಿದ್ದಳು. ಸಂಜೆ ಮೂರು ಹಾಳೆ ತುಂಬಿದಳು. ಮೇಲಿನ ಕಚೇರಿಗೆ ಹೋಗುವ ನಾಲ್ಕನೆಯದನ್ನು, ಸುತ್ತಲಿನ ಮತಗಟ್ಟೆಗಳ ಉಸ್ತುವಾರಿ ಹೊತ್ತ ವಲಯದ ಸಾಹೇಬರು ಕೈಯಿಂದ ತೆಗೆದುಕೊಂಡು, "ಇದನ್ನ ನಾನು ತುಂಬ್ಕೋತೀನಿ, ನೀವು ವ್ಯಾನ್ ಹತ್ತಿ ಮೇಡಂ" ಅಂದಿದ್ದರು. ಅವಳು ಹತ್ತಿಬಿಟ್ಟಳು.

ಬಟ್ಟೆ ಮಡಿಕೆಯಲ್ಲಿದ್ದ ಕಾಗದದಲ್ಲಿ 'ಆ ಸಹಿ ನನ್ನದಲ್ಲ' ಎಂದು ಬರೆದಿತ್ತು. ಕಳಿಸಿದರೆ ಅಕ್ಷರ ಪರೀಕ್ಷೆ ಮಾಡುವವರು ಒಂದೇ ನೋಟಕ್ಕೆ ಸಹಿ ಇವಳದೇ ಅನ್ನುತ್ತಾರೆ, ಇಡೀ ದೂರು ಸುಳ್ಳಾಗುತ್ತದೆ. ನಿಜ ಬರೆದರೆ ಕೆಲಸ ಹೋಗುತ್ತದೆ. ಈ ಎರಡರ ನಡುವೆ ಹದಿನೆಂಟು ದಿನ ಕಳೆದಿದ್ದವು.

ಎರಡೂವರೆಗೆ ಬಾಗಿಲು ತಟ್ಟಿದವರು ಆ ಸಾಹೇಬರೇ. ಒಂದು ಕಾಲಕ್ಕೆ ಅದೇ ಶಾಲೆಯಲ್ಲಿ ಗಣಿತ ಹೇಳಿದವರು, ಗಂಡ ಸತ್ತಾಗ ಹೆಣಕ್ಕೆ ಹೆಗಲು ಕೊಟ್ಟವರು. ಕುರ್ಚಿ ಎಳೆದುಕೊಂಡು ಕೂತರು, ಚಹಾ ಕೇಳಿದರು. ಒಂದು ಲೋಟ ಮುಗಿಸಿ ಇನ್ನೊಂದು ಕೇಳಿದರು. ಅಂಚೆ ಕಚೇರಿಯಲ್ಲಿ ರಿಜಿಸ್ಟರ್ ಕಿಟಕಿ ಮುಚ್ಚುವುದು ನಾಲ್ಕಕ್ಕೆ. ಮೂರಾದರೂ ಅವರು ಏಳುವ ಲಕ್ಷಣ ಕಾಣಲಿಲ್ಲ. ದೊಡ್ಡಕ್ಕ ಪೊರಕೆ ತಂದು ಅವರ ಕಾಲ ಬುಡದಲ್ಲೇ ಗುಡಿಸಿದಳು. ಅವರು ಕಾಲೆತ್ತಿಕೊಂಡು ಕೂತರು.

"ಎರಡೇ ಸಾಲು ಮೇಡಂ," ಎಂದು ಕಡತದಿಂದ ಹಾಳೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. "ಮೊದಲ ಎಣಿಕೆ ತಪ್ಪಿತ್ತು, ಪ್ರಕಟವಾದದ್ದೇ ಸರಿ ಅಂತ. ಟೈಪ್ ಮಾಡಿಸೇ ತಂದಿದೀನಿ."

"ಎಣಿಕೆ ತಪ್ಪೋದಾ?" ದೊಡ್ಡಕ್ಕ ಪೊರಕೆ ನಿಲ್ಲಿಸಿದಳು. "ಇವಳು ಒಗೆದ ಕರವಸ್ತ್ರ ಕೂಡ ಎರಡು ಸಲ ಎಣಿಸೋಳು."

"ಎಣಿಸಿರಬಹುದು ಅಕ್ಕ. ಆದ್ರೆ ಬೆಳಿಗ್ಗೆ ಏಳು ಗಂಟೆಗೇ ಖಾಲಿ ಹಾಳೆಗೆ ಸಹಿ ಹಾಕಿದೋರೂ ಇವರೇ. ಬೇಕಾದ್ರೆ ಕೇಳಿ."

ದೊಡ್ಡಕ್ಕ ತಿರುಗಿ ನೋಡಿದಳು. "ಹೌದೇನೇ?"

"ಹೌದು."

"ಇಷ್ಟು ದಿನ ನನಗೊಂದು ಮಾತು ಹೇಳಲಿಲ್ಲ ನೀನು." ದೊಡ್ಡಕ್ಕನ ದನಿ ತಗ್ಗಿತ್ತು. ಅದು ಏರಿದ್ದರೆ ಟೀಚರಮ್ಮನಿಗೆ ಎಷ್ಟೋ ಹಗುರಾಗುತ್ತಿತ್ತು.

ಸಾಹೇಬರು ಲೋಟ ಕೆಳಗಿಟ್ಟರು. "ಸಮಿತಿಗೆ ಬರೆದ್ರೆ ಮೊದಲು ನಿಮ್ಮ ಮೇಲೇ ಶಿಸ್ತು ಕ್ರಮ. ನಿವೃತ್ತಿಗೆ ಇನ್ನೂ ಆರು ವರ್ಷ ಇದೆ. ಈ ವಯಸ್ಸಲ್ಲಿ ಬೀದಿಗೆ ಬೀಳೋದು ಬೇಕಾ? ನೀವೊಬ್ರೇ ಮಾಡಿದ್ದು ಅಂತ ಕೊರಗ್ಬೇಡಿ. ಹದಿನೇಳು ಬೂತಿನೋರದ್ದೂ ಇದೇ ಕಥೆ. ಹದಿನಾರು ಜನ ಸಹಿ ಹಾಕಿ ಕೊಟ್ಟಾಯ್ತು. ನಿಮ್ಮದೊಂದೇ ಬಾಕಿ."

ಸಮಾಧಾನ ಹೇಳಲೆಂದೇ ಹೇಳಿದ ಮಾತು ಅದು. ಟೀಚರಮ್ಮನಿಗೆ ಮಾತ್ರ ಆ ಹದಿನೇಳು ಎಂಬುದೇ ಕಿವಿಯಲ್ಲಿ ಉಳಿಯಿತು. ತನ್ನೊಬ್ಬಳ ಕೈತಪ್ಪು ಅಂದುಕೊಂಡೇ ಇಷ್ಟು ದಿನ ನಾಚಿಕೆಯಿಂದ ಮುದುರಿದ್ದಳು. ಹದಿನೇಳು ಜನರ ಕೈ ಒಂದೇ ದಿನ, ಒಂದೇ ಹಾಳೆಯಲ್ಲಿ ತಪ್ಪುವುದಿಲ್ಲ. 'ಬೆಳಿಗ್ಗೆಯೇ ಸಹಿ ಹಾಕಿಟ್ಕೊಳ್ಳಿ, ಸಂಜೆ ಸುಲಭ ಆಗತ್ತೆ' ಎಂದು ತರಬೇತಿಯ ದಿನ ಎಲ್ಲರಿಗೂ ಹೇಳಿಕೊಟ್ಟ ಬಾಯಿ ಈಗ ಎದುರಿಗೆ ಕೂತು ತುಟಿ ಒರೆಸಿಕೊಳ್ಳುತ್ತಿತ್ತು. ಅವಳ ಮನಸ್ಸು ತಾನಾಗಿ ಗುಣಿಸಿತು. ಎಲ್ಲ ಕಡೆ ಇವಳ ಮತಗಟ್ಟೆಯಲ್ಲಿ ಸೇರಿಸಿದಷ್ಟೇ, ಇನ್ನೂರ ಇಪ್ಪತ್ತೊಂಬತ್ತು ಸೇರಿಸಿದ್ದರೂ ಹದಿನೇಳರಿಂದ ಮೂರು ಸಾವಿರದ ಎಂಟುನೂರ ತೊಂಬತ್ತಮೂರು. ಗೆದ್ದವರ ಗೆಲುವಿನ ಅಂತರ ಮೂರು ಸಾವಿರದ ನೂರು.

ಟೈಪಾದ ಹಾಳೆಯನ್ನು ಹತ್ತಿರಕ್ಕೆಳೆದುಕೊಂಡಳು. ಎರಡು ಸಾಲಿಗೂ ಸಹಿಯ ಜಾಗಕ್ಕೂ ನಡುವೆ ನಾಲ್ಕು ಬೆರಳು ಅಗಲ ಬರಿದಾಗಿತ್ತು.

"ಇದು ಯಾಕೆ ಖಾಲಿ?"

"ಅದಾ? ಅದನ್ನ ಮೇಲಿನೋರು ತುಂಬ್ಕೋತಾರೆ."

"ಪೆನ್ನು ಕೊಡಿ."

ಸಾಹೇಬರು ಕ್ಯಾಪು ತೆಗೆದು ಕೊಟ್ಟರು. ಅವಳು ಆ ಹಾಳೆಯನ್ನು ಪಕ್ಕಕ್ಕೆ ಸರಿಸಿ, ಮಕ್ಕಳ ಕಾಪಿ ಪುಸ್ತಕದಿಂದ ಒಂದು ಹಾಳೆ ಕಿತ್ತು ಬರೆಯತೊಡಗಿದಳು.

"ಏನು ಬರೀತಿದೀರಿ ಮೇಡಂ?"

"ಆಗಿದ್ದನ್ನ."

ಖಾಲಿ ಹಾಳೆಗೆ ಸಹಿ ಹಾಕಿದ್ದು ನಾನೇ ಎಂಬುದು ಮೊದಲ ಸಾಲು. ಹಾಗೆ ಮಾಡಲು ಹೇಳಿದವರು ಯಾರು, ಹಾಳೆ ಒಯ್ದವರು ಯಾರು, ಪೆಟ್ಟಿಗೆಯಲ್ಲಿದ್ದದ್ದು ಎಷ್ಟು, ಹದಿನೇಳು ಅಂದದ್ದು ಯಾರು, ಎಲ್ಲ ಬಂತು. ಸಾಹೇಬರು ಕುರ್ಚಿಯಿಂದ ಎದ್ದರು. ಕಾಗದದ ಮೇಲೆ ಅಡ್ಡ ಕೈ ಇಡಲು ಹೋದರು. ದೊಡ್ಡಕ್ಕ ಪೊರಕೆಯ ತುದಿಯನ್ನು ಮೇಜಿನ ಮೇಲಿಟ್ಟಳು.

"ಕೈ ಕೊಳೆಯಾಗತ್ತೆ ಸಾಹೇಬ್ರೇ. ತೆಗೀರಿ."

ಮನೆ ಬಿಟ್ಟಾಗ ಮೂರೂಮುಕ್ಕಾಲು. ಅಂಚೆ ಕಚೇರಿ ಎರಡು ಬೀದಿಯಾಚೆ. ಸಾಹೇಬರು ಪಕ್ಕದಲ್ಲೇ ದಾಪುಗಾಲು ಹಾಕುತ್ತ, ಯಾರಿಗೂ ಕೇಳಿಸದಂತೆ, "ಯೋಚನೆ ಮಾಡಿ ಮೇಡಂ, ನನಗೂ ಹೆಣ್ಣುಮಕ್ಕಳಿದಾರೆ" ಅಂದರು. ಟೀಚರಮ್ಮನ ಹೆಜ್ಜೆ ಒಂದು ಗಳಿಗೆ ತಡವರಿಸಿತು. ಈ ಮನುಷ್ಯ ಹೆಗಲು ಕೊಟ್ಟಿದ್ದು ಸುಳ್ಳಲ್ಲ. ದೊಡ್ಡಕ್ಕ ಅವಳ ಮೊಣಕೈ ಹಿಡಿದಳು, ಎಳೆಯಲಿಲ್ಲ.

"ಕೆಲಸ ಹೋಗತ್ತೆ ದೊಡ್ಡಕ್ಕ. ಖಂಡಿತ ಹೋಗತ್ತೆ."

"ಕೇಳಿಸ್ಕೊಂಡೆ. ಆ ಜಗಳ ಮನೆಗೆ ಹೋಗಿ ಆಡೋಣ. ಈಗ ನಡಿ."

ಕಿಟಕಿಯಲ್ಲಿ ಗುಮಾಸ್ತ ಮುದ್ರೆಯ ಡಬ್ಬಿ ಮುಚ್ಚುತ್ತಿದ್ದ. "ಬಾಗಿಲು ಹಾಕೋ ಹೊತ್ತಿಗೇ ನೆನಪಾಗ್ತೀನಿ ನಾನು ಎಲ್ರಿಗೂ," ಎಂದು ಗೊಣಗುತ್ತ ಲಕೋಟೆ ತೆಗೆದುಕೊಂಡ. ವಿಳಾಸ ಓದಿದ. ಬಾಗಿಲ ಬಳಿ ನಿಂತಿದ್ದ ಸಾಹೇಬರನ್ನು ನೋಡಿದ. ಮತ್ತೆ ಓದಿದ.

"ಯಾರಿಂದ ಅಂತ ಬರೆದಿಲ್ಲ. ಬರೀದೆ ರಿಜಿಸ್ಟರ್ ಆಗಲ್ಲ."

ಅವಳು ಹೆಸರು ಬರೆದಳು. ಶಾಲೆಯ ಹೆಸರು, ಮತಗಟ್ಟೆಯ ನಂಬರು, ಮನೆಯ ನಂಬರು ಬರೆದಳು. ಗುಮಾಸ್ತ ಡಬ್ಬಿ ಬಿಚ್ಚಿ ಇವತ್ತಿನ ತಾರೀಖಿನ ಮುದ್ರೆ ಒತ್ತಿದ, ರಸೀದಿ ಹರಿದು ಕೊಟ್ಟು, ಲಕೋಟೆಯನ್ನು ಬೆನ್ನ ಹಿಂದಿನ ಚೀಲಕ್ಕೆ ಎಸೆದ. ತುಂಬಿದ ಚೀಲ. ಅದು ಬಿದ್ದ ಸದ್ದು ಕೂಡ ಕೇಳಲಿಲ್ಲ.