ಮಂಗಳವಾರದ ಬ್ಯಾಟರಿ

"ಟಕ್" ಎಂದಿತು ಜೀಪು. ಅಷ್ಟೇ.

ಶಿವರಾಯ ಚಾವಿಯನ್ನು ಮತ್ತೊಮ್ಮೆ ತಿರುವಿದ. ಮತ್ತೆ "ಟಕ್". ಆ ಸದ್ದು ಅರ್ಧ ಜೇವರ್ಗಿಗೆ ಕೇಳಿಸಿತು. ಉಳಿದರ್ಧಕ್ಕೆ ಶಿವರಾಯನ ಬೈಗುಳ ಕೇಳಿಸಿತು. ಥಂಡಿ ಬಿದ್ದ ಮೇಲೆ ಸತತ ಆರನೆಯ ಮಂಗಳವಾರ ಇದು. ಬುಧವಾರದಿಂದ ಶನಿವಾರದವರೆಗೆ ಹುಲಿಯ ಹಾಗೆ ಗುರ್ರೆನ್ನುವ ಗಾಡಿ ಮಂಗಳವಾರ ಬೆಳಿಗ್ಗೆ ಮಾತ್ರ ಬಾಯಿ ಬಿಡುತ್ತಿರಲಿಲ್ಲ.

"ಗುರುಶಾಂತಾ, ಹೊರಗ ಬಾರಬೇ! ನೋಡು, ಮತ್ತ ಸತ್ತದ!"

ಗುರುಶಾಂತಮ್ಮ ಹೊಸ್ತಿಲಲ್ಲಿ ನಿಂತು ನೋಡಿದಳು. "ಸತ್ರ ನಾ ಏನ್ ಮಾಡ್ಲಿರಿ? ಅಳಲೇನು?" ಎಂದಳು. ಗಂಡ ಬಾನೆಟ್ಟು ಎತ್ತಿ ಬ್ಯಾಟರಿ ಬಿಚ್ಚಲು ಪಾನಾ ಹಿಡಿದದ್ದೇ ತಡ, ಸರಸರ ದೇವರ ಕೋಣೆಗೆ ಹೋದಳು. ಒಳಗಿನಿಂದ ಬೆಂಕಿಕಡ್ಡಿ ಗೀರಿದ ಸದ್ದು, ಹಿಂದೆಯೇ ಎಣ್ಣೆ ಬತ್ತಿಯ ವಾಸನೆ. ಬ್ಯಾಟರಿ ಬಿಚ್ಚಿದಾಗಲೆಲ್ಲ ಇವಳು ದೀಪ ಹಚ್ಚುತ್ತಾಳೆ ಎಂಬುದನ್ನು ಶಿವರಾಯ ಗಮನಿಸಿದ್ದ. ನನ್ನ ಗಾಡಿ ನಿಂತರೆ ಇವಳಿಗೇನು ಹಬ್ಬ? ಅದನ್ನೂ ತನ್ನ ಅನುಮಾನಗಳ ಸಾಲಿಗೆ ಸೇರಿಸಿಕೊಂಡ. ಆ ಸಾಲು ಆಗಲೇ ವಿಜಯಪುರ ರಸ್ತೆಗಿಂತ ಉದ್ದವಾಗಿತ್ತು.

ತೂಕದ ಶಿವರಾಯನೆಂದರೆ ಮೂರು ತಾಲೂಕಿಗೆ ಗೊತ್ತು. ಜೇವರ್ಗಿ ಬಜಾರಿನಲ್ಲಿ ತೊಗರಿ ತೂಗುವವರು ಬೇಕಾದಷ್ಟು ಮಂದಿ ಇದ್ದರೂ ಚೀಲದ ಕಿವಿ ಹಿಡಿದು ಒಮ್ಮೆ ಅಲುಗಿಸಿ, ಎಷ್ಟು ಕಿಲೋ, ಎಷ್ಟು ಹಸಿ, ಎಷ್ಟು ಕಲ್ಲು ಎಂದು ಹೇಳುತ್ತಿದ್ದವನು ಅವನೊಬ್ಬನೇ. ಒಮ್ಮೆ ಒಂದು ಚೀಲ ಎತ್ತಿ, "ಇದರಾಗ ಇಲಿ ಅದ, ಬಸುರಿ ಅದ" ಎಂದ. ಬಿಚ್ಚಿದರೆ ಇಲಿ ಹೊರಬಂದು ಎಲ್ಲರ ಕಣ್ಣೆದುರೇ ಆರು ಮರಿ ಹಾಕಿತು. ನಾಲ್ಕೇ ಎನ್ನುವವರೂ ಇದ್ದಾರೆ, ಅವರು ಹೊಟ್ಟೆಕಿಚ್ಚಿನವರು.

ಇಂಥವನು ಕೊಂಡ ಬ್ಯಾಟರಿ ಸಾಮಾನ್ಯದ್ದಾಗಿರಲು ಸಾಧ್ಯವೇ? ಹಳೆಯದು ದಸರೆಯ ಹೊತ್ತಿಗೆ ಕೈಕೊಟ್ಟಾಗ, ತೂಕದ ಕಾಟಾದ ಮೇಲೆ ಇಟ್ಟರೆ ಕಾಟಾವೇ ನಮಸ್ಕಾರ ಮಾಡಬೇಕು, ಅಂಥದ್ದು ಕೊಡು ಎಂದಿದ್ದ ದೋಸ್ತ ಬುರಾನುದ್ದೀನನಿಗೆ. ಬುರಾನುದ್ದೀನ ವಿಜಯಪುರ ರಸ್ತೆಯಲ್ಲಿ ಗಾಡಿಗಳ ವೈರಿಂಗ್ ಮಾಡುವವನು, ಬ್ಯಾಟರಿ ಮಾರುವವನು. 'ಗಜಶಕ್ತಿ ಪ್ಲಾಟಿನಂ' ತರಿಸಿಕೊಟ್ಟ. ಐದು ವರ್ಷದ ಗ್ಯಾರಂಟಿ. ಡಬ್ಬಿಯ ಮೇಲೆ ಆನೆಯೊಂದು ರೈಲು ಎಳೆಯುವ ಚಿತ್ರ. ಜೇವರ್ಗಿಯಲ್ಲಿ ಆಗ ಅದಕ್ಕಿಂತ ದುಬಾರಿ ಬ್ಯಾಟರಿ ಇರಲಿಲ್ಲ. ಇದ್ದಿದ್ದರೆ ಶಿವರಾಯ ಅದನ್ನೇ ಕೊಳ್ಳುತ್ತಿದ್ದ.

ಈಗ ಆ ಆನೆಯನ್ನು ಹೆಗಲ ಮೇಲೆ ಹೊತ್ತು ಅಂಗಡಿಗೆ ಹೋದ. ಬುರಾನುದ್ದೀನ ಮೀಟರು ಹಚ್ಚಿ ನೋಡಿದ, ಚಾರ್ಜಿಗೆ ಇಟ್ಟ, ಸಂಜೆಗೆ ಮತ್ತೆ ಮೀಟರು ಹಚ್ಚಿ ನೋಡಿದ.

"ಅಣ್ಣಾ, ಬ್ಯಾಟರಿ ಏಕದಂ ಚಲೋ ಅದ."

"ಹಂಗಾದ್ರ ಮಂಗಳವಾರಕ್ಕೊಮ್ಮೆ ಯಾಕ ಸಾಯ್ತದ? ಉಪಾಸ ಮಾಡ್ತದೇನು?"

"ಒಂದ್ ಮಾತ್ ಹೇಳ್ತೇನಿ, ಸಿಟ್ಟಿಗೇಳಬ್ಯಾಡ್ರಿ. ಸೋಮವಾರ ಜರಾ ಗಾಡಿ ಓಡ್ಸ್ರಿ. ಸೊನ್ನ ಹಳ್ಳಿ ಮಟಾ ಹೋಗಿ ಬರ್ರಿ. ಎಲ್ಲಾ ಬರೋಬ್ಬರಿ ಆಗ್ತದ."

ಶಿವರಾಯ ಎದ್ದು ನಿಂತ. ಅವನಪ್ಪನ ಕಾಲದಲ್ಲಿ ಸೋಮವಾರ ಬಸವಣ್ಣನ ದಿನವೆಂದು ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಎತ್ತುಗಳು ಹೋಗಿ ಜೀಪು ಬಂತು. ನೇಮ ಜೀಪಿನ ಮೇಲೆ ಬಂದು ಕೂತಿತು. ಭಾನುವಾರ ಬಜಾರು ಬಂದ್, ಸೋಮವಾರ ಜೀಪಿಗೆ ವಿಶ್ರಾಂತಿ. ಶನಿವಾರ ಸಂಜೆ ಅಂಗಳದ ಬೇವಿನಡಿ ನಿಲ್ಲಿಸಿದ ಗಾಡಿಯನ್ನು ಮಂಗಳವಾರ ಬೆಳಗಿನ ತನಕ ಮುಟ್ಟುವಂತಿರಲಿಲ್ಲ.

"ಇಪ್ಪತ್ತು ವರ್ಷದಿಂದ ನಮ್ಮನ್ಯಾಗ ಉಂಡೀದಿ. ಸೋಮವಾರ ನಾವು ಗಾಡಿ ಹೂಡಂಗಿಲ್ಲಂತ ಗೊತ್ತಿಲ್ಲೇನು ನಿನಗ?"

"ಗೊತ್ತದ. ಅದಕ್ಕೇ ಹೇಳಾಕತ್ತೇನಿ."

"ಅದಕ್ಕೇ ಅಂದ್ರ?"

ಬುರಾನುದ್ದೀನ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಮೊದಲ ಸಲ ಕಂಡವನಂತೆ ನೋಡಿದ. "ಅದಕ್ಕೇ ಅಂದ್ರ... ಅದಕ್ಕೇ ಅಣ್ಣಾ."

ಮಾತು ನುಂಗಿದವನ ಗಂಟಲು ಹೇಗಿರುತ್ತದೆ ಎಂಬುದು ಶಿವರಾಯನಿಗೆ ಗೊತ್ತಿರದ ಸಂಗತಿಯಲ್ಲ. ತೊಗರಿಗೆ ಮಣ್ಣು ಬೆರೆಸಿ ತಂದವರ ಗಂಟಲು ಹಾಗೆಯೇ ಕುಣಿಯುತ್ತದೆ. ಹಳೆ ಬ್ಯಾಟರಿಗೆ ಹೊಸ ಅಂಗಿ ತೊಡಿಸಿದ್ದಾನೆ ಇವನು. ಇಪ್ಪತ್ತು ವರ್ಷದ ದೋಸ್ತ!

ಮರುದಿನವೇ ಬ್ಯಾಟರಿಯನ್ನು ಅಫಜಲಪುರಕ್ಕೆ ಒಯ್ದ. ಅಲ್ಲಿನ ಬ್ಯಾಟರಿ ಅಂಗಡಿಯ ಅರುಣಕುಮಾರ ನೋಡಿ, "ಬೆಸ್ಟ್ ಅದ್ರಿ" ಎಂದ. ಆದರೆ ಹೇಳುವಾಗ ಒಂದು ಕಣ್ಣು ಮುಚ್ಚಿದ. ಧೂಳು ಬಿದ್ದಿತ್ತಂತೆ. ಶಿವರಾಯ ನಂಬಲಿಲ್ಲ. ಅಲ್ಲಿಂದ ಆಳಂದಕ್ಕೆ ಹೋದ. ಅಲ್ಲಿನ ಮಸೂದನೂ, "ಈ ಮಾಲು ಇನ್ನ ಐದು ವರ್ಷ ಅಲುಗಂಗಿಲ್ರಿ" ಎಂದ. ಹೊರಡುವಾಗ ಶಿವರಾಯ ಸುಮ್ಮನೆ ಕೇಳಿದಂತೆ ಕೇಳಿದ: "ಜೇವರ್ಗಿ ಬುರಾನುದ್ದೀನ ನಿಮಗೇನರ ಆಗಬೇಕೇನು?"

"ಹೌದ್ರಿ, ನಮ್ಮ ಕಾಕಾನ ಬೀಗರು."

ಅಲ್ಲಿಗೆ ಲೆಕ್ಕ ಕೂಡಿತು. ಇದು ಒಬ್ಬನ ಕೆಲಸವಲ್ಲ, ಮೂರು ತಾಲೂಕಿನ ಕೂಟ. ಭೀಮಾ ನದಿಯ ಈ ದಡ ಆ ದಡ ಎರಡೂ ಸೇರಿ ಒಬ್ಬ ಶಿವರಾಯನನ್ನು ಮುಳುಗಿಸಲು ನಿಂತಿವೆ. ಹೀಗೆ ಎಲ್ಲರೂ ಸುಳ್ಳು ಹೇಳುವಾಗ ಸತ್ಯ ಹೇಳುವುದು ಜಗತ್ತಿನಲ್ಲಿ ಒಂದೇ: ಕಾಟಾ.

ಶುಕ್ರವಾರ ಬಜಾರು ತುಂಬಿತ್ತು. ತೊಗರಿಯ ಸುಗ್ಗಿ. ಕಾಳು ಮಾರಿಸಿಕೊಡುವ ಮಹೇಶಕುಮಾರ ಸಾಹುಕಾರರ ಅಡತಿ ಅಂಗಡಿಯ ಮುಂದೆ ಶಿವರಾಯ ಗಜಶಕ್ತಿಯನ್ನು ತಂದಿಳಿಸಿದ. ಜೊತೆಗೆ ಆನೆಯ ಚಿತ್ರದ ಖಾಲಿ ಡಬ್ಬಿ, ಅದೇ ಸಾಕ್ಷಿ. ಹಮಾಲರು, ರೈತರು, ಚಹಾದವರು, ಚೀಲ ಹೊಲಿಯುವವರು ಸೇರಿದರು. ಐದುನೂರು ಜನವಿದ್ದರು ಎನ್ನುತ್ತಾರೆ. ಐವತ್ತಂತೂ ಖಂಡಿತ.

"ಡಬ್ಬಿ ಮ್ಯಾಲ ಏನ್ ಬರದಾರ ಓದ್ರಿ!"

"ಹದಿನೆಂಟು ಕಿಲೋ ಇನ್ನೂರು ಗ್ರಾಂ," ಎಂದು ಮಹೇಶಕುಮಾರ ಕನ್ನಡಕ ಏರಿಸಿ ಓದಿದರು.

ಶಿವರಾಯ ಬ್ಯಾಟರಿಯನ್ನು ಕಾಟಾದ ಮೇಲಿಟ್ಟ. ಕೆಂಪು ಅಂಕಿಗಳು ಕುಣಿದು ನಿಂತವು. ಹದಿನೇಳು ಕಿಲೋ ಆರುನೂರು ಗ್ರಾಂ.

"ಆರುನೂರು ಗ್ರಾಂ ಸೀಸ ನುಂಗ್ಯಾನ!" ಶಿವರಾಯನ ದನಿ ಬಜಾರಿನ ತಗಡುಗಳನ್ನು ನಡುಗಿಸಿತು. "ಇದು ಹೊಸ ಬ್ಯಾಟರಿ ಅಲ್ಲ! ತೂಕ ಹೇಳಾಕತ್ತದ, ನಾ ಅಲ್ಲ!"

ತೂಕದ ಶಿವರಾಯ ಹೇಳಿದ ಮೇಲೆ ಮುಗಿಯಿತು. ಮಧ್ಯಾಹ್ನದೊಳಗೆ ಬುರಾನುದ್ದೀನನ ಬಳಿ ಬ್ಯಾಟರಿ ಕೊಂಡವರೆಲ್ಲ ತಮ್ಮ ತಮ್ಮದನ್ನು ಬಿಚ್ಚಿ ತಲೆಯ ಮೇಲೆ ಹೊತ್ತು ಬಂದರು. ಕಾಟಾದ ಮುಂದೆ ಸಾಲು ನಿಂತಿತು. ತೊಗರಿ ಕಾಯಬೇಕಾಯಿತು. ಬುರಾನುದ್ದೀನನ ಅಂಗಡಿಗೆ ಆ ದಿನ ಒಂದು ಸೈಕಲ್ಲೂ ಬರಲಿಲ್ಲ. ಬಂದವರಿಬ್ಬರು ಕೊಟ್ಟ ಕೆಲಸ ವಾಪಸು ಕೇಳಲು ಬಂದವರು. ಅವನು ಯಾರಿಗೂ ಜವಾಬು ಕೊಡಲಿಲ್ಲ. ಸ್ಟೂಲಿನ ಮೇಲೆ ಕೂತು ರಸ್ತೆ ನೋಡುತ್ತಿದ್ದ. ಕಳ್ಳನಲ್ಲದಿದ್ದರೆ ಬಾಯಿ ಬಿಡುತ್ತಿರಲಿಲ್ಲವೇ ಎಂದು ಊರು ಮಾತಾಡಿಕೊಂಡಿತು.

ಶನಿವಾರ ಬುರಾನುದ್ದೀನನ ಹೆಂಡತಿ ಖಾಸೀಂಬಿ ನಾಲ್ಕು ಚೀಲ ತೊಗರಿ ಹೇರಿಕೊಂಡು ಬಜಾರಿಗೆ ಬಂದಳು. ಶಿವರಾಯನೇ ತೂಗಿದ. ಪ್ರತಿ ಚೀಲದ ತೂಕ ಕೂಗಿ, ರೂಢಿಯಂತೆ ಖಾಲಿ ಗೋಣಿಯ ತೂಕ ಕಳೆದು, "ಬಾರದಾನ ವಜಾ" ಎಂದು ಬರೆಸಿದ. ನಾಲ್ಕೂ ಮುಗಿಯುವವರೆಗೆ ಖಾಸೀಂಬಿ ಕಾಟಾದ ಪಕ್ಕದಲ್ಲೇ ನಿಂತು ನೋಡಿದಳು. ಆಮೇಲೆ ಅಂಗಡಿಯ ಕಟ್ಟೆಯ ಮೇಲೆ ಸಾಕ್ಷಿಯಾಗಿ ಇನ್ನೂ ಕೂತಿದ್ದ ಆನೆಯ ಡಬ್ಬಿಯನ್ನು ಎತ್ತಿಕೊಂಡು ಬಂದು, ಒಳಗಿನ ಥರ್ಮಾಕೋಲಿನ ಸಮೇತ ಕಾಟಾದ ಮೇಲಿಟ್ಟಳು.

ಆರುನೂರು ಗ್ರಾಂ.

"ನಮ್ಮ ಒಂದೊಂದು ಚೀಲಕ್ಕೂ ಬಾರದಾನ ಕಳೀತೀರಿ," ಎಂದಳು ಖಾಸೀಂಬಿ. "ನಿಮ್ಮ ಡಬ್ಬಿಗಿ ಯಾಕ ಕಳೀಲಿಲ್ರಿ ಅಣ್ಣಾ?"

ಮಹೇಶಕುಮಾರ ಡಬ್ಬಿಯನ್ನು ತಿರುವಿ ಸಣ್ಣ ಅಕ್ಷರ ಓದಿದರು. ಡಬ್ಬಿ ಸಮೇತದ ತೂಕ ಎಂದೇ ಇತ್ತು. ಹಮಾಲನೊಬ್ಬ ಕೆಮ್ಮಿದ. ಕೆಮ್ಮಿನ ಅಡಿಯಲ್ಲಿ ನಗು ಇತ್ತು. ಮೂವತ್ತು ವರ್ಷದಲ್ಲಿ ಲಕ್ಷ ಚೀಲದ ಬಾರದಾನ ಕಳೆದ ಕೈ! ಶಿವರಾಯನಿಗೆ ತನ್ನ ಕಿವಿಗಳೇ ಎರಡೆರಡು ಕಿಲೋ ತೂಗುತ್ತಿವೆ ಅನಿಸಿತು.

"ಆತು, ತೂಕ ಬರೋಬ್ಬರಿ ಅದ," ಎಂದ, ದನಿ ಇಳಿಸಿ. "ಆದ್ರ ಭಾಬಿ, ಮಂಗಳವಾರ ಯಾಕ ಸಾಯ್ತದ ಅದು? ಅವನಿಗಿ ಗೊತ್ತದ. ಗೊತ್ತಿದ್ದೂ ಹೇಳವಲ್ಲ."

"ನನಗೂ ಹೇಳವಲ್ರು. ನಿನ್ನಿಯಿಂದ ಒಂದ್ ತುತ್ತು ಉಂಡಿಲ್ಲ." ಖಾಸೀಂಬಿ ಸೆರಗು ಸರಿಪಡಿಸಿಕೊಂಡಳು. "ಏನರ ಮುಚ್ಚಿಟ್ಟಾರ. ಆದ್ರ ಕಳವು ಮಾಡಿಲ್ಲ. ಅಷ್ಟು ನನಗ ಗೊತ್ತದ."

ಏನೋ ಮುಚ್ಚಿಟ್ಟಿದ್ದಾನೆ. ಶಿವರಾಯನ ತಲೆಗೆ ಅಷ್ಟೇ ಸಾಕಾಯಿತು. ಕಳ್ಳ ಸೋಮವಾರ ಬರುತ್ತಾನೆ. ಬಂದು ಏನೋ ಮಾಡುತ್ತಾನೆ. ಹಿಡಿದೇ ಬಿಡುವುದು. ಅಂದು ಸಂಜೆಯೇ ಬ್ಯಾಟರಿಯನ್ನು ಜೀಪಿಗೆ ಮರಳಿ ಕೂಡಿಸಿ, ಎಂದಿನಂತೆ ಬೇವಿನಡಿ ನಿಲ್ಲಿಸಿದ.

ಸೋಮವಾರ ಬೆಳಿಗ್ಗೆ, "ಕಲಬುರಗಿಗಿ ಹೋಗಿ ಬರ್ತೇನಿ, ಬಸ್ಸಿಗಿ" ಎಂದು ಹೆಂಡತಿಗೆ ಕೇಳುವಂತೆ ಕೂಗಿ ಹೊರಬಿದ್ದ. ಓಣಿ ಸುತ್ತಿ ಹಿಂದಿನಿಂದ ಅಂಗಳಕ್ಕೆ ಬಂದು, ಒಟ್ಟಿದ ತೊಗರಿ ಕಟ್ಟಿಗೆಯ ಮರೆಯಲ್ಲಿ ಕೂತ. ಥಂಡಿಗೆ ಮೊಣಕಾಲು ಹಿಡಿದವು. ಇರುವೆಗಳು ಅವನನ್ನು ಸ್ವಂತ ಆಸ್ತಿ ಮಾಡಿಕೊಂಡವು. ಅಲುಗಲಿಲ್ಲ.

ಮೊದಲು ಬಂದದ್ದು ಕರಿ ಬೆಕ್ಕು. ಬಿಸಿಲಿದ್ದ ಕಟ್ಟೆಯನ್ನು ಬಿಟ್ಟು, ಮೇಲೆ ಹೊದಿಸಿದ ತಾಡಪತ್ರಿಯ ಸಂದಿನಿಂದ ಜೀಪಿನೊಳಗೆ ನುಗ್ಗಿ, ನೇರ ಡ್ರೈವರ್ ಸೀಟಿನ ಮೇಲೆ ಸುರುಳಿ ಸುತ್ತಿ ಮಲಗಿತು. ಸುಡುವ ಒಲೆಯ ಪಕ್ಕ ಮಲಗುವ ಹಾಗೆ. ಹಿಂದಿನ ಸೋಮವಾರವೂ ಅಲ್ಲೇ ಮಲಗಿತ್ತಲ್ಲವೇ? ಶಿವರಾಯ ಬೆಕ್ಕಿನ ಮೇಲೂ ಕಣ್ಣಿಟ್ಟ.

ಆಮೇಲೆ ಹಿತ್ತಿಲ ಬಾಗಿಲು ಸದ್ದಿಲ್ಲದೆ ತೆರೆಯಿತು. ಗುರುಶಾಂತಮ್ಮ. ಕೈಯಲ್ಲೊಂದು ತಟ್ಟೆ, ಅದರ ಮೇಲೆ ಸೆರಗು. ಆ ಕಡೆ ನೋಡಿದಳು, ಈ ಕಡೆ ನೋಡಿದಳು.

ಶಿವರಾಯ ಕಟ್ಟಿಗೆಯ ಸಂದಿಗೆ ಕಣ್ಣೊತ್ತಿದ. ಕಳ್ಳರು ಮನೆಯಲ್ಲೇ! ಇಪ್ಪತ್ತು ವರ್ಷದ ದೋಸ್ತ, ಇಪ್ಪತ್ತೆಂಟು ವರ್ಷದ ಹೆಂಡತಿ!

ಅವಳು ಬೆಕ್ಕನ್ನು ಪಕ್ಕಕ್ಕೆ ಸರಿಸಿ, ಸೀಟಿನ ಮೆತ್ತೆ ಎತ್ತಿದಳು. ಕೆಳಗಿನ ತಗಡಿನ ಗುಂಡಿಯಿಂದ ಹಳದಿ ಬೆಳಕು ಮೇಲೆ ಬಂದು ಅವಳ ಗಲ್ಲಕ್ಕೆ ಬಿತ್ತು. ಒಂದು ಹಿತ್ತಾಳೆ ಬಟ್ಟಲು, ಅದರಲ್ಲಿ ಎರಡು ಸಣ್ಣ ಬಲ್ಬು, ಹಿಂದೆ ಅಂಗೈಯಷ್ಟು ಬಸವಣ್ಣನ ಫೋಟೊ. ಅವಳು ನಿನ್ನೆಯ ಹೂವು ತೆಗೆದು ಇಂದಿನದು ಇಟ್ಟಳು. ವಿಭೂತಿ ಹಚ್ಚಿದಳು.

"ಅಪ್ಪಾ ಬಸವಣ್ಣ," ಎಂದಳು ಮೆಲ್ಲಗೆ. "ಹೋದ ಹೋಳಿ ಹುಣ್ಣಿವಿ ದಿನ ಸೊನ್ನದ ದಾರ್ಯಾಗ ಇವರಿಗಿ ನಿದ್ದಿ ಹತ್ತಿ ಗಾಡಿ ಕೆನಾಲಿಗಿ ಬೀಳೂದಿತ್ತು. ನೀ ಜಾಲಿ ಗಿಡಕ್ಕ ತಡದು ನಿಲ್ಲಿಸಿದಿ. ಬರೂ ಹೋಳಿ ಮಟಾ ಇವರು ಕೂಡೂ ಜಾಗಾದಾಗ ದೀಪಾ ಇಡ್ತೇನಿ, ಇವರಿಗಿ ತಿಳೀದಂಗ ಇಡ್ತೇನಿ ಅಂತ ಬೇಡ್ಕೊಂಡೀನಿ. ಬ್ಯಾಟರಿ ಬಿಚ್ಚಿದಾಗೆಲ್ಲ ಒಳಗ ಎಣ್ಣಿ ದೀಪಾ ಹಚ್ಚೀನಿ, ತಪ್ಪು ಹೊಟ್ಟ್ಯಾಗ ಹಾಕ್ಕೋ. ಇನ್ನ ಎರಡು ತಿಂಗಳಾ." ಮೂಗು ಒರೆಸಿಕೊಂಡಳು. "ಬುರಾನ್ ಭಾಯಿ ವೈರ್ ಎಳದು ಕೊಟ್ಟು ಯಾರಿಗೂ ಹೇಳಂಗಿಲ್ಲಂತ ನನಗ ಭಾಷಿ ಕೊಟ್ಟಾನ. ಈಗ ಕಳ್ಳ ಅನಸ್ಕೊಳಾಕತ್ತಾನ. ಅವನ ಹೆಸರೂ ನೀನೇ ಕಾಯಪ್ಪಾ."

ಮೆತ್ತೆ ಕೂಡಿಸಿ, ಬೆಕ್ಕನ್ನು ಅದರ ಜಾಗದಲ್ಲಿಟ್ಟು ಒಳಗೆ ಹೋದಳು.

ಶಿವರಾಯ ಕಟ್ಟಿಗೆಯ ಮರೆಯಲ್ಲಿ ಇನ್ನೂ ಎಷ್ಟು ಹೊತ್ತು ಕೂತಿದ್ದನೆಂದರೆ, ಇರುವೆಗಳು ಬೇಸತ್ತು ಬಿಟ್ಟುಹೋದವು. ಚಾವಿ ತೆಗೆದರೂ ಆರದ ದೀಪ. ಶನಿವಾರ ಸಂಜೆಯಿಂದ ಎರಡು ಬಲ್ಬು ಕುಡಿದರೆ ಆನೆಯಾದರೂ ಎಷ್ಟು ದಿನ ನಿಂತೀತು? ಕೊನೆಗೆ ಎದ್ದು, ಕಲಬುರಗಿಯಿಂದ ಈಗಷ್ಟೇ ಬಂದವನ ಹಾಗೆ ಮುಂಬಾಗಿಲಿನಿಂದ ಬಂದ.

"ಬಸ್ ಸಿಗ್ಲಿಲ್ಲ. ಚಾವಿ ಕೊಡಬೇ."

"ಇವತ್ತ ಸೋಮವಾರರೀ!"

"ಗೊತ್ತದ."

ಸಂಜೆಯಾಗಿರಲಿಲ್ಲ, ಆನೆಯಲ್ಲಿ ಇನ್ನೂ ಕಸುವಿತ್ತು. ಎರಡು ಸಲ ನರಳಿ, ಮೂರನೆಯದಕ್ಕೆ ಜೀಪು ಎದ್ದಿತು. ತೂಕದ ಶಿವರಾಯ ಸೋಮವಾರ ಗಾಡಿ ಹೂಡಿದ್ದಾನೆ ಎಂಬ ಸುದ್ದಿ ಅವನಿಗಿಂತ ಮುಂಚೆ ಬಜಾರು ಮುಟ್ಟಿತು. ಬುರಾನುದ್ದೀನನ ಅಂಗಡಿಯ ಮುಂದೆ, ಇಂಜಿನ್ ಬಂದ್ ಮಾಡದೆ ನಿಲ್ಲಿಸಿದಾಗ ಎದುರಿನ ಚಹಾದಂಗಡಿ ಪೂರ್ತಿ ರಸ್ತೆಗೆ ಬಂದಿತ್ತು.

"ಎಲ್ಲಾರೂ ಕೇಳ್ರಿ," ಎಂದ ಶಿವರಾಯ. "ಬ್ಯಾಟರಿ ಬಿಲ್ಕುಲ್ ಚಲೋ ಅದ. ನಾನೇ ಲೈಟು ಬಂದ್ ಮಾಡಾಕ ಮರೀತಿದ್ದೆ. ತೂಕದಾಗೂ ತಪ್ಪಿದ್ದು ನಾನೇ."

ಯಾರೂ ನಂಬಲಿಲ್ಲ. ಆರು ವಾರ ಲೈಟು ಮರೆಯುವವನೇ ಇವನು? ಬುರಾನುದ್ದೀನ ಏನೋ ಗುಟ್ಟು ಹಿಡಿದು ಹೆದರಿಸಿರಬೇಕು, ಎಂದ ಒಬ್ಬ. ಸೋಮವಾರ ಗಾಡಿ ಎಲ್ಲಿಗೆ, ಹೋದ ವಾರ ಹೋಗಿದ್ದ ಅಫಜಲಪುರದಲ್ಲಿ ಯಾವಳಿದ್ದಾಳೆ, ಎಂದು ಇನ್ನೊಬ್ಬ ಹುಬ್ಬು ಹಾರಿಸಿದ. ಶಿವರಾಯನ ಗಂಟಲು ಒಮ್ಮೆ ಕುಣಿಯಿತು.

ಬುರಾನುದ್ದೀನ ಎರಡು ಕಪ್ ಚಹಾ ಹಿಡಿದು ಜೀಪಿನ ಹತ್ತಿರ ಬಂದ. ಸೀಟನ್ನು ನೋಡಿದ, ಶಿವರಾಯನ ಮುಖ ನೋಡಿದ.

"ಎಲ್ಲಿಗಿ ಅಣ್ಣಾ?"

"ಸೊನ್ನಕ್ಕ. ಹೋಳಿ ಮಟಾ ಸೋಮವಾರಕ್ಕೊಮ್ಮೆ."

"ನಾನೂ ಬರ್ಲೇನು?"

"ಉಂಡೀಯೇನು?"

"ಇಲ್ಲ."

"ಹಂಗಾದ್ರ ಹತ್ತು. ದಾರ್ಯಾಗ ಉಣ್ಣೂನು."

ಬುರಾನುದ್ದೀನ ಅಂಗಡಿಗೆ ಚಿಲಕ ಹಾಕಿ ಪಕ್ಕದಲ್ಲಿ ಬಂದು ಕೂತ. ಡ್ರೈವರ್ ಸೀಟಿನಲ್ಲಿ ಬೆಕ್ಕು ಮನೆ ಬಿಟ್ಟಾಗಿನಿಂದಲೂ ಎದ್ದಿರಲಿಲ್ಲ. ಶಿವರಾಯ ಅದನ್ನು ಎಬ್ಬಿಸಲಿಲ್ಲ. ಬೆಚ್ಚಗಿನ ಜಾಗವನ್ನೆಲ್ಲ ಅದಕ್ಕೇ ಬಿಟ್ಟು, ಸೀಟಿನ ಅಂಚಿನಲ್ಲಿ ಅರ್ಧ ಕೂತು, ಗೇರು ಹಾಕಿದ.