ಬೇರೆ ಯಾವ ಬದಲಾವಣೆಯೂ ಇಲ್ಲ

"ಆರು ಜೊತೆ ತಂದಿದೀನಿ, ಹೊರೋರು ಐದೇ ಜನ," ಎನ್ನುತ್ತ ಡ್ವೈಟ್ ಬಿಳಿ ಕೈಗವಸುಗಳನ್ನು ಮೇಜಿನ ಮೇಲೆ ಮತ್ತೊಮ್ಮೆ ಜೋಡಿಸಿದ. ಊರಿನ ಅರ್ಧದಷ್ಟು ಹೆಣಗಳನ್ನು ಮಣ್ಣು ಮುಟ್ಟಿಸಿದ ಮನೆತನ ಅವನದು. ಅಪ್ಪನ ಕಾಲದಿಂದಲೂ ಅದೇ ಕೆಲಸ, ಅದೇ ಕರಿ ಸೂಟು. "ಆರನೇ ಹಿಡಿ ಖಾಲಿ ಬಿಟ್ರೆ ಪೆಟ್ಟಿಗೆ ಒಂದು ಕಡೆ ವಾಲುತ್ತೆ ಅಗ್ನೆಸ್. ಬೇರೆ ಯಾರನ್ನಾದ್ರೂ ಹೇಳಿ."

"ಹೇಳೋಕೆ ನಾನ್ಯಾರು? ಪಟ್ಟಿ ಅವನೇ ಬರೆದಿಟ್ಟು ಹೋಗಿದಾನಲ್ಲ," ಎಂದಳು ಸತ್ತವನ ಅಕ್ಕ ಅಗ್ನೆಸ್. ಎಂಬತ್ತರ ಹೆಂಗಸು. ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕಿರಲಿಲ್ಲ, ಸಿಡುಕು ಮಾತ್ರ ನಿಂತಿರಲಿಲ್ಲ. "ನೋಡೇ ಲೊರೇನ್, ನಿಮ್ಮ ಆಫೀಸಿನ ಬುದ್ಧಿ! ಸಾಯೋದಕ್ಕೂ ಒಂದು ನೋಟೀಸು."

ಲೊರೇನ್ ಹಾಳೆಯನ್ನು ಕೈಗೆ ತೆಗೆದುಕೊಂಡಳು. ಗಸ್ ಹ್ರೀವ್ನಾಕನ ದುಂಡಗಿನ ಅಕ್ಷರ. ಹದಿನೆಂಟು ವರ್ಷ ಅವನ ಕೈಕೆಳಗೆ ದುಡಿದವಳಿಗೆ ಆ ಅಕ್ಷರ ಕತ್ತಲಲ್ಲೂ ಗುರುತು ಸಿಗುತ್ತಿತ್ತು. ತನ್ನ ಪೆಟ್ಟಿಗೆ ಹೊರಬೇಕಾದ ಆರು ಜನರ ಹೆಸರು, ಕೆಳಗೆ ತಿದ್ದುಪಡಿಗಳು. 'ಬಿಟ್ಟುಹೋದವರು: ಮೈಕ್ ಸೊಬೊಟಾ, ತೀರಿಕೊಂಡ ಕಾರಣ. ಸೇರಿದವರು: ಮೈಕನ ಮಗ.' ಆರನೆಯ ಹೆಸರು ಸ್ಟೆಫಾನ್ ಹ್ರೀವ್ನಾಕ್, ತಮ್ಮ. ಅದರ ಮೇಲೆ ಒಂದು ಗೀಟೂ ಇರಲಿಲ್ಲ. ಕಟ್ಟಕಡೆಯ ಸಾಲು: 'ಸದಸ್ಯರಲ್ಲಿ ಬೇರೆ ಯಾವ ಬದಲಾವಣೆಯೂ ಆಗಿಲ್ಲ.'

"ಇದು ಏಳನೇ ಸಲದ್ದು," ಎಂದ ಡ್ವೈಟ್. "ಯಾರಾದ್ರೂ ಸತ್ತರೆ ತೊಂಬತ್ತು ದಿನದೊಳಗೆ ಹೊಸ ಪಟ್ಟಿ ಅಂಚೇಲಿ ಬರೋದು. ಎದುರು ಬೀದೀಲೇ ಮನೆ, ಆದ್ರೂ ಅಂಚೇಲೇ."

"ಸ್ಟೆಫ್‌ಗೆ ಎರಡು ಸಲ ಫೋನ್ ಮಾಡ್ದೆ," ಎಂದಳು ಅಗ್ನೆಸ್. "ಎತ್ತಿದವನೇ ಫೋನ್ ಕುಕ್ಕಿದ. ಹನ್ನೆರಡು ವರ್ಷ ಆಯ್ತು ಅಣ್ಣತಮ್ಮಂದಿರು ಮಾತು ಬಿಟ್ಟು. ಸತ್ತ ಮೇಲಾದ್ರೂ ಕರಗ್ತಾನೆ ಅಂದ್ಕೊಂಡಿದ್ದೆ, ಕಲ್ಲು ಅವನು." ಆಮೇಲೆ ಲೊರೇನಳ ತೋಳು ಹಿಡಿದಳು. "ಆ ಆಫೀಸಿನಿಂದ ಬಂದಿರೋಳು ನೀನೊಬ್ಬಳೇ ಕಣೇ. ಅಷ್ಟೂ ಜನ ಅವನನ್ನ ನಾಯಿ ಥರ ಆಚೆ ಹಾಕಿದ್ರು. ನೀನೊಬ್ಬಳು ಕೈಬಿಡಲಿಲ್ಲ."

ಲೊರೇನ್ ತೋಳು ಬಿಡಿಸಿಕೊಂಡಳು. ಪೆಟ್ಟಿಗೆಯ ಕಡೆ ನೋಡಿದಳು. ಕಂದು ಸೂಟು, ಜೇಬಿನಲ್ಲಿ ಪೆನ್ನು, ಬಾಯಿ ಬಿಗಿದು ಮಲಗಿದ್ದ ಗಸ್. ಬದುಕಿದ್ದಾಗಲೂ ಬಿಗಿದ ಬಾಯಿಯೇ. ಇವತ್ತು ಪೆಟ್ಟಿಗೆ ಮಣ್ಣಿಗಿಳಿಯುವ ಮೊದಲು ಸ್ಟೆಫ್‌ಗೆ ನಿಜ ಹೇಳಬೇಕು. ಅದೊಂದಕ್ಕೇ ಅವಳು ಬಂದಿದ್ದಳು. ತಪ್ಪು ಗಸ್‌ನದಲ್ಲ, ತನ್ನದು ಎಂದು ಹೇಳುವುದು ಎಷ್ಟು ಹೊತ್ತಿನ ಮಾತು? ಒಂದು ಉಸಿರು. ಆ ಒಂದು ಉಸಿರಿಗೆ ಹನ್ನೆರಡು ವರ್ಷ ಕಳೆದಿತ್ತು.

* * *

ಗಸ್‌ನ ಕೆಲಸವೇನೆಂದು ಕೇಳಿದರೆ ಚರ್ಚಿನವರಿಗೆ ಯಾರಿಗೂ ಹೇಳಲು ಬರುತ್ತಿರಲಿಲ್ಲ. ಕೊಳವೆಗೆ ತುಕ್ಕು ಹಿಡಿಯದಂಥ ಲೇಪ ಕಂಡುಹಿಡಿಯಲು ಹನ್ನೊಂದು ಕಂಪನಿಗಳು ಸೇರಿ ಒಂದು ಸಂಶೋಧನಾ ಒಕ್ಕೂಟ ಕಟ್ಟಿಕೊಂಡಿದ್ದವು. ಮಾರುಕಟ್ಟೆಯಲ್ಲಿ ಒಬ್ಬರ ಕತ್ತು ಇನ್ನೊಬ್ಬರು ಹಿಸುಕುವ ಮಂದಿ ಒಂದೇ ಕೋಣೆಯಲ್ಲಿ ಕೂತರೆ ಸರ್ಕಾರಕ್ಕೆ ಅನುಮಾನ ಬರುವುದು ಸಹಜವೇ. ಬೆಲೆ ಗೊತ್ತುಮಾಡಿಕೊಳ್ಳುತ್ತಿದ್ದಾರೋ, ಯಾರನ್ನಾದರೂ ಹೊರಗಿಟ್ಟು ತುಳಿಯುತ್ತಿದ್ದಾರೋ ಯಾರಿಗೆ ಗೊತ್ತು! ಅದಕ್ಕೇ ಯಾರು ಸೇರಿದರು, ಯಾರು ಬಿಟ್ಟರು ಎಂಬುದನ್ನು ತೊಂಬತ್ತು ದಿನದೊಳಗೆ ವಾಷಿಂಗ್ಟನ್ನಿನ ಎರಡು ಕಚೇರಿಗಳಿಗೆ ಬರೆದು ತಿಳಿಸಬೇಕು. ಒಂದು ನ್ಯಾಯ ಇಲಾಖೆಗೆ, ಇನ್ನೊಂದು ವ್ಯಾಪಾರ ಆಯೋಗಕ್ಕೆ, ಎರಡೂ ಒಂದೇ ದಿನ. ತಿಳಿಸಿದವರ ಮೇಲೆ ನಾಳೆ ಯಾರಾದರೂ ದಾವೆ ಹೂಡಿ ಗೆದ್ದರೆ ಆದ ನಷ್ಟವಷ್ಟನ್ನೇ ಕಟ್ಟಿಕೊಟ್ಟರಾಯಿತು. ತಿಳಿಸದೆ ಉಳಿದವರು ಅದರ ಮೂರು ಪಟ್ಟು ತೆರಬೇಕು. ಆ ಕಾಗದ ಬರೆಯುವುದೇ ಗಸ್‌ನ ಕೆಲಸ. ಇಪ್ಪತ್ತಾರು ವರ್ಷ ಅದನ್ನೇ ಬರೆದ.

"ನೋಡಮ್ಮಾ ಲೊರೇನ್," ಎನ್ನುತ್ತಿದ್ದ, "ಇದು ತೆಂಗಿನಷ್ಟು ದೊಡ್ಡ ಕೆಲಸ ಅಲ್ಲ, ಸಾಸಿವೆಯಷ್ಟು. ಆದ್ರೆ ಕಣ್ಣಿಗೆ ಬಿದ್ರೆ ಸಾಸಿವೆನೂ ಸಾಕು."

ಸ್ಟೆಫ್ ಮೇಸ್ತ್ರಿಯಾಗಿದ್ದ ಸಣ್ಣ ಕಾರ್ಖಾನೆ ಒಕ್ಕೂಟಕ್ಕೆ ಸೇರಿದ್ದು ಒಂದು ಮಾರ್ಚ್ ತಿಂಗಳಲ್ಲಿ. ಸೇರಿಸಿದವನು ಗಸ್‌ನೇ. ತಮ್ಮನ ಕಾರ್ಖಾನೆ ಉದ್ಧಾರವಾಗಲಿ ಎಂದು ಸಭೆಯಲ್ಲಿ ಎದ್ದು ನಿಂತು ಮಾತಾಡಿದ್ದ. ಅವನ ಬಾಯಿಂದ ಸಭೆಯಲ್ಲಿ ಮಾತು ಬಂದದ್ದು ಅದೊಂದೇ ಸಲ. ಅದನ್ನು ತಿಳಿಸುವ ಕಾಗದದ ಎರಡು ಪ್ರತಿಗೂ ಸಹಿ ಹಾಕಿ, ಲೊರೇನಳ ಕೈಗಿಟ್ಟು, ಹರ್ನಿಯಾ ಆಪರೇಷನ್ನಿಗೆಂದು ಆರು ವಾರ ರಜೆ ಹೋದ. ಬಂದವನ ಮೊದಲ ಪ್ರಶ್ನೆ, "ಎರಡೂ ಹೋದ್ವಾ?"

"ಎರಡಕ್ಕೂ ರಸೀದಿ ಬಂದಿದೆ," ಎಂದಳು ಲೊರೇನ್. ಅದು ಸುಳ್ಳಾಗಿರಲಿಲ್ಲ.

* * *

ಪೆಟ್ಟಿಗೆ ಚರ್ಚಿಗೆ ಬರುವ ಹೊತ್ತಿಗೆ ರಸ್ತೆಯಾಚೆ ಒಂದು ಹಸಿರು ಪಿಕಪ್ ನಿಂತಿತ್ತು. ಲೊರೇನ್ ಗುರುತು ಹಿಡಿದಳು. ಒಳಗಿನಿಂದ ಬಾಗಿಲು ತೆರೆಯದ ಹಳೇ ಗಾಡಿ. ಸ್ಟೆಫ್ ಕಿಟಕಿಯಿಂದ ಕೈ ಹೊರಹಾಕಿ ಹಿಡಿ ಎಳೆದು ಇಳಿಯುವುದನ್ನು ಅವಳು ಸಂತೆಯಲ್ಲಿ ಎಷ್ಟೋ ಸಲ ನೋಡಿ, ಇನ್ನೊಂದು ಸಾಲಿಗೆ ಜಾರಿಕೊಂಡಿದ್ದಳು. ಇವತ್ತು ಜಾರಿಕೊಳ್ಳುವ ಹಾಗಿರಲಿಲ್ಲ. ರಸ್ತೆ ದಾಟಿ ಹೋಗಿ ಗಾಜು ತಟ್ಟಿದಳು.

"ನೋಡೋಕೆ ಬಂದೆ, ಅಷ್ಟೇ," ಎಂದ ಸ್ಟೆಫ್ ಗಾಜಿಳಿಸಿ. ಅರವತ್ತೇಳು ವರ್ಷ, ಈಗ ಗೋದಾಮಿನಲ್ಲಿ ಡಬ್ಬ ಎತ್ತುವ ಕೆಲಸ. "ಅಕ್ಕ ಕಳಿಸಿದ್ಲಾ?"

"ಇಲ್ಲ. ನಾನೇ ಬಂದೆ. ಒಂದು ಮಾತು ಹೇಳ್ಬೇಕಿತ್ತು."

"ಪಟ್ಟಿ ವಿಷಯ ತಾನೆ? ಗೊತ್ತು ಬಿಡಮ್ಮ. ನನಗೂ ಒಂದೊಂದು ಪ್ರತಿ ಬರ್ತಿತ್ತು. ಮೊದಲನೇದು ಒಡೆದು ನೋಡಿದೆ. ಹೆಣ ಹೊರೋಕೆ ಕರೆದಿದಾನೆ, ಕ್ಷಮಿಸು ಅಂತ ಒಂದಕ್ಷರ ಇಲ್ಲ. ಉಳಿದವನ್ನ ಒಡೀದೇ ಒಲೆಗೆ ಹಾಕ್ದೆ." ಅವನು ಚರ್ಚಿನ ಬಾಗಿಲನ್ನೇ ನೋಡುತ್ತಿದ್ದ. "ತಪ್ಪು ಯಾರು ಮಾಡಲ್ಲ ಹೇಳು? ಅರವತ್ತೊಂದು ಜನ ಬೀದಿಗೆ ಬಿದ್ವಿ. ನನ್ನ ಹೆಂಡ್ತಿ ಮನೆ ಮಾರೋ ದಿನ ಮೆಟ್ಟಿಲ ಮೇಲೆ ಕೂತವಳು ಏಳಲೇ ಇಲ್ಲ, ನಾನೇ ಎತ್ಕೊಂಡು ಹೋಗಿ ಗಾಡೀಲಿ ಕೂರಿಸ್ದೆ. ಅದನ್ನೂ ನುಂಗ್ಕೊಳ್ತಿದ್ದೆ. ಒಂದು ಸಲ, ಒಂದೇ ಒಂದು ಸಲ 'ತಪ್ಪಾಯ್ತು ಕಣೋ ಸ್ಟೆಫಾ' ಅಂದಿದ್ರೆ ಸಾಕಿತ್ತು. ಕ್ರಿಸ್‌ಮಸ್ ಊಟದಲ್ಲಿ ಎಲ್ಲರೆದುರು ಕೇಳ್ದೆ. ಏನಂದ ಗೊತ್ತಾ? 'ಸಹಿ ನನ್ನದು' ಅಂದ. ಅಷ್ಟೇ! ಸಹಿಯಂತೆ ಸಹಿ!"

ಹೇಳು, ಹೇಳೇ ಮೂಳಿ, ಎಂದು ಲೊರೇನ್ ತನ್ನನ್ನೇ ಬೈದುಕೊಂಡಳು. ಆದರೆ ಆ ಮನುಷ್ಯನ ಕಣ್ಣು ಕೆಂಪಾಗಿತ್ತು. ಈ ಸಿಟ್ಟೆಲ್ಲ ಈಗ ತನ್ನ ಮೇಲೆ ತಿರುಗುತ್ತದೆ ಎಂಬ ಹೆದರಿಕೆ ಅವಳನ್ನು ಕಟ್ಟಿಹಾಕಿತು. ಬೇರೇನೂ ಅಲ್ಲ, ಬರೀ ಹೆದರಿಕೆ.

"ಅವರು... ಕೊನೇವರೆಗೂ ನಿಮ್ಮ ಹೆಸರು ಹೊಡೆದುಹಾಕಲಿಲ್ಲ," ಎಂದಷ್ಟೇ ಹೇಳಿದಳು.

"ಹೊಡೆದುಹಾಕಬೇಕಿತ್ತು," ಎಂದು ಸ್ಟೆಫ್ ಗಾಜೇರಿಸಿದ.

* * *

ಹೊರಗಿನ ಒಂದು ಕಂಪನಿ ಒಕ್ಕೂಟದ ಮೇಲೆ ದಾವೆ ಹೂಡಿದ ಮೇಲೆ ಗಸ್ ರಸೀದಿಗಳನ್ನು ಹೊರತೆಗೆದು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟ. ಎರಡು ರಸೀದಿ, ಎರಡರ ಮೇಲೂ ಒಂದೇ ಮೊಹರು. ಲೊರೇನ್ ಎರಡು ಲಕೋಟೆಗೂ ನ್ಯಾಯ ಇಲಾಖೆಯ ವಿಳಾಸದ ಚೀಟಿಯನ್ನೇ ಅಂಟಿಸಿದ್ದಳು. ಆಯೋಗಕ್ಕೆ ಏನೂ ಹೋಗಿರಲಿಲ್ಲ. ಸ್ಟೆಫ್‌ನ ಕಾರ್ಖಾನೆ ಸೇರಿದ್ದನ್ನು ತಿಳಿಸಿದ್ದು ಲೆಕ್ಕಕ್ಕೇ ಬರಲಿಲ್ಲ. ಹೆಸರು ಮೊದಲೇ ತಿಳಿಸಿದ್ದ ದೊಡ್ಡ ಕಂಪನಿಗಳು ನಷ್ಟದಷ್ಟು ಕೊಟ್ಟು ಕೈತೊಳೆದುಕೊಂಡವು. ಸ್ಟೆಫ್‌ನ ಕಾರ್ಖಾನೆಯ ಪಾಲಿಗೆ ಮೂರು ಪಟ್ಟು ಬಿತ್ತು. ಆ ಚಳಿಗಾಲದಲ್ಲಿ ಅದು ಮುಚ್ಚಿತು.

"ನಾನೇ ಹೇಳ್ತೀನಿ," ಎಂದು ಲೊರೇನ್ ಅತ್ತಳು. "ನಾನೇ ಹೋಗಿ ಹೇಳ್ತೀನಿ ಗಸ್."

"ನಿನ್ನ ಗಂಡನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಕೆಲಸ ಹೋದ್ರೆ ವಿಮೆ ಹೋಯ್ತು, ವಿಮೆ ಹೋದ್ರೆ ಅವನು ಹೋದ." ಗಸ್ ರಸೀದಿಗಳನ್ನು ಮಡಿಸಿ ತನ್ನ ಜೇಬಿಗೆ ಹಾಕಿಕೊಂಡ. "ಸಹಿ ನನ್ನದು. ನೋಡ್ಕೋಬೇಕಾಗಿದ್ದೋನೂ ನಾನೇ. ನಾನಿರೋ ತನಕ ಬಾಯಿ ಬಿಡಬೇಡ."

"ಸ್ಟೆಫ್‌ಗೆ ಏನಂತೀರಾ?"

"ಸುಳ್ಳು ಹೇಳಲ್ಲ. ನಿಜಾನೂ ಹೇಳಲ್ಲ."

ಲೊರೇನಳ ಗಂಡ ಅದಾದ ಮೇಲೆ ಎರಡು ವರ್ಷವೂ ಬದುಕಲಿಲ್ಲ. ಅವನನ್ನು ಹೂಳಿದ ಮರುದಿನವೇ ಹೇಳಿಬಿಡಬಹುದಿತ್ತು. ಅಷ್ಟರಲ್ಲಿ ಅವಳನ್ನು ಗಸ್‌ನ ಕುರ್ಚಿಯಲ್ಲಿ ಕೂರಿಸಿದ್ದರು. ಪ್ರತಿ ನೋಟೀಸಿಗೂ ಅವಳೇ ಸಹಿ ಹಾಕುತ್ತಿದ್ದಳು, ವಿಳಾಸವನ್ನು ಮೂರು ಮೂರು ಸಲ ನೋಡುತ್ತಿದ್ದಳು. ಗಸ್ ಹೇಳಬೇಡ ಅಂದಿದ್ದಾನಲ್ಲ ಎಂಬ ಒಂದು ಮಾತಿನ ಕಂಬಳಿ ಹೊದ್ದು ಹತ್ತು ವರ್ಷ ಬೆಚ್ಚಗೆ ಮಲಗಿದಳು. ಮೊನ್ನೆ ಗಸ್ ಸತ್ತ. ಕಂಬಳಿಯೂ ಹೋಯಿತು.

* * *

"ಆರನೇ ಹಿಡಿ ನೀನೇ ಹಿಡಿಯೇ," ಎಂದಳು ಅಗ್ನೆಸ್ ಚರ್ಚಿನ ಬಾಗಿಲಲ್ಲಿ. "ಹೊಟ್ಟೇಲಿ ಹುಟ್ಟಿದವರಿಗಿಂತ ಹೆಚ್ಚಾಗಿದ್ದೆ ಅವನಿಗೆ."

ಡ್ವೈಟ್ ಗವಸು ನೀಡಿದ. ಲೊರೇನ್ ಅದನ್ನು ಹಾಕಿಕೊಳ್ಳದೆ ಕೋಟಿನ ಜೇಬಿಗೆ ತುರುಕಿದಳು. "ಇದು ಸ್ಟೆಫ್ ಅವರದು," ಎಂದಳು. ನವೆಂಬರಿನ ಚಳಿಗೆ ಲೋಹದ ಹಿಡಿ ಬರಿಗೈಯನ್ನು ಕಚ್ಚಿತು. ಗಸ್ ಇಷ್ಟು ಭಾರವಿದ್ದಾನೆಂದು ಅವಳು ಎಣಿಸಿರಲಿಲ್ಲ.

ಗುಂಡಿಯ ಬಳಿ ಐವರು ಗಂಡಸರು ಪದ್ಧತಿಯಂತೆ ಒಬ್ಬೊಬ್ಬರಾಗಿ ಗವಸು ಬಿಚ್ಚಿ ಪೆಟ್ಟಿಗೆಯ ಮುಚ್ಚಳದ ಮೇಲಿಟ್ಟರು. ಐದು ಜೊತೆ. ಪಾದ್ರಿ ನೀರು ಚಿಮುಕಿಸಿದ. ಪೆಟ್ಟಿಗೆ ಇಳಿಯಿತು. ಹಸಿರು ಪಿಕಪ್ ಸ್ಮಶಾನದ ಗೇಟಿನ ಹತ್ತಿರ ಬಂದು ನಿಂತಿತ್ತು. ಲೊರೇನ್ ಅದನ್ನು ನೋಡಿದಳು, ಹಗ್ಗ ಸಡಿಲವಾಗುವುದನ್ನೂ ನೋಡಿದಳು, ನಿಂತಲ್ಲೇ ನಿಂತಳು.

ಎಲ್ಲರೂ ಚರ್ಚಿನ ನೆಲಮಾಳಿಗೆಯ ಊಟಕ್ಕೆ ಹೊರಟ ಮೇಲೆ ಸ್ಟೆಫ್ ನಿಧಾನವಾಗಿ ನಡೆದುಬಂದ. ಇಬ್ಬರು ಕೆಲಸಗಾರರು ಸಲಿಕೆಯಿಂದ ಮಣ್ಣು ಎಳೆಯುತ್ತಿದ್ದರು. ಮುಚ್ಚಳ ಆಗಲೇ ಕಾಣುತ್ತಿರಲಿಲ್ಲ.

"ವಿಳಾಸ ತಪ್ಪಾಗಿ ಅಂಟಿಸಿದ್ದು ನಾನು," ಎಂದಳು ಲೊರೇನ್. ಹೇಳಿದ್ದೇ ತಡ, ಉಳಿದದ್ದೆಲ್ಲ ತಾನಾಗಿ ಹೊರಬಿತ್ತು. ಎರಡು ಲಕೋಟೆ, ಒಂದೇ ಮೊಹರು, ಡಯಾಲಿಸಿಸ್, ಜೇಬಿಗೆ ಹೋದ ರಸೀದಿ, ಬಾಯಿ ಬಿಡಬೇಡ ಎಂದ ಮಾತು. ಕೋಟಿನೊಳಗೆ ಇಟ್ಟುಕೊಂಡಿದ್ದ ಪಟ್ಟಿಯನ್ನೂ ಅವನಿಗೆ ಕೊಟ್ಟಳು.

ಸ್ಟೆಫ್ ಬೈಯಲಿಲ್ಲ. ಬೈದಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು. ಪಟ್ಟಿಯ ಕೊನೆಯ ಸಾಲನ್ನು ತುಂಬ ಹೊತ್ತು ಓದಿದ.

"ಅದಕ್ಕೇ ಕ್ಷಮಿಸು ಅನ್ನಲಿಲ್ಲ," ಎಂದ. "ಅಂದಿದ್ರೆ ಸುಳ್ಳಾಗ್ತಿತ್ತು. ಅವನ ಬಾಯಲ್ಲಿ ಚಿಕ್ಕಂದಿನಿಂದ ಸುಳ್ಳು ಬರ್ತಿರಲಿಲ್ಲ. ಅಪ್ಪನ ಹತ್ರ ನನ್ನ ಏಟೆಲ್ಲ ಅವನೇ ತಿಂದ, ಆದ್ರೆ 'ನಾನು ಮಾಡ್ದೆ' ಅಂತ ಒಂದು ದಿನ ಅನ್ನಲಿಲ್ಲ. ಸುಮ್ನೆ ಬೆನ್ನು ಕೊಡ್ತಿದ್ದ. ನಾನು ಹೇಗೆ ಮರೆತೆ ಇದನ್ನ?"

ಲೊರೇನ್ ಅಳುತ್ತಿದ್ದಳು.

"ಬೆಳಗ್ಗೆ ಗಾಡಿ ಹತ್ರ ಬಂದಾಗ ಇದನ್ನೇ ಹೇಳೋಕೆ ಬಂದಿದ್ಯಾ?"

"ಹೂಂ."

"ಆಗ ಹೇಳಿದ್ದಿದ್ರೆ ಹೊರ್ತಿದ್ದೆ," ಎಂದ ಸ್ಟೆಫ್. ಅವನ ದನಿಯಲ್ಲಿ ಸಿಟ್ಟೇ ಇರಲಿಲ್ಲ. "ಅರ್ಧ ಗಂಟೆ ಮೊದಲು ಹೇಳಿದ್ರೂ ಸಾಕಿತ್ತು. ಮುಖ ಆದ್ರೂ ನೋಡ್ತಿದ್ದೆ."

ಆಮೇಲೆ ಕೈ ಚಾಚಿದ. ಅವಳಿಗೆ ಮೊದಲು ತಿಳಿಯಲಿಲ್ಲ, ತಿಳಿದಾಗ ಜೇಬಿನಿಂದ ಗವಸು ತೆಗೆದುಕೊಟ್ಟಳು. ಸ್ಟೆಫ್ ಅವನ್ನು ಒಂದೊಂದಾಗಿ ಬೆರಳಿಗೆ ಬೆರಳು ಕೂರಿಸಿ ಹಾಕಿಕೊಂಡ. ಗುಂಡಿಯ ಅಂಚಿಗೆ ಹೋದ. ಕೆಲಸಗಾರರಲ್ಲೊಬ್ಬ ಸಲಿಕೆ ನಿಲ್ಲಿಸಿ, "ಯಜಮಾನ್ರೇ, ಏನಾದ್ರೂ ಹಾಕೋದಿದೆಯಾ?" ಎಂದು ಕೇಳಿದ. ಸ್ಟೆಫ್ ಇಲ್ಲವೆಂದು ತಲೆಯಾಡಿಸಿ ಗಾಡಿಯ ಕಡೆ ನಡೆದ.

* * *

ನೆಲಮಾಳಿಗೆಯಲ್ಲಿ ಎಲೆಕೋಸು ಬೆರೆಸಿದ ಹಿಟ್ಟಿನ ತಿನಿಸು ಹಲುಶ್ಕಿಯ ಬೆಣ್ಣೆ ವಾಸನೆ ತುಂಬಿತ್ತು. ಅಗ್ನೆಸ್ ಲೊರೇನಳ ತಟ್ಟೆಗೆ ಎರಡು ಸೌಟು ಹೆಚ್ಚಿಗೆ ಬಡಿಸಿ, ಪಕ್ಕದವರಿಗೆಲ್ಲ ಹೇಳುತ್ತಿದ್ದಳು: "ಇವಳೇ ನೋಡಿ. ಹೆಂಗಸಾದ್ರೂ ಬರಿಗೈಲಿ ಪೆಟ್ಟಿಗೆ ಹೊತ್ತಳು. ಇಂಥ ಒಬ್ಬರನ್ನ ಸಂಪಾದಿಸಿದ ನನ್ನ ತಮ್ಮ, ಅಷ್ಟಾದ್ರೂ ಆಯ್ತು." ಪಕ್ಕದ ಮುದುಕ ಲೊರೇನಳ ಕೈ ಕುಲುಕಿದ. ಅಂಗೈಯಲ್ಲಿ ಹಿಡಿಯ ಗುರುತು ಇನ್ನೂ ಕೆಂಪಗಿತ್ತು.

"ಅಗ್ನೆಸ್," ಎಂದು ಅವಳು ಬಾಯಿ ತೆರೆದಳು.

"ತಿನ್ನು ಮೊದಲು. ಅಯ್ಯೋ, ಆ ಕಿಟಕಿ ಆಚೆ ಅದು ಸ್ಟೆಫ್‌ನ ಗಾಡಿ ಅಲ್ವಾ? ಬಂದನೇನೇ?" ಅಗ್ನೆಸ್ ಸೌಟು ಹಿಡಿದುಕೊಂಡೇ ಕಿಟಕಿಗೆ ಬಂದಳು. ಬೆಳಗಿನಿಂದ ಬಾರದ ಕಣ್ಣೀರು ಈಗ ಬಂತು. "ಹೋಗಿ ಕರಿಯೇ ಅವನ್ನ. ನೀನು ಕರೆದ್ರೆ ಬರ್ತಾನೆ. ಊಟ ತಣ್ಣಗಾಗುತ್ತೆ ಅನ್ನು."

ಲೊರೇನ್ ಕಿಟಕಿಯಿಂದ ನೋಡಿದಳು. ನೆಲಮಟ್ಟದ ಆ ಕಿಟಕಿಗೆ ಗಾಡಿಯ ಬಾಗಿಲಷ್ಟೇ ಕಾಣುತ್ತಿತ್ತು. ಎಂಜಿನ್ ಆರಿತ್ತು. ಗಾಜಿಳಿಸಿದ ಕಿಟಕಿಯಿಂದ ಒಂದು ತೋಳು ಹೊರಗೆ ಚಾಚಿತ್ತು. ಬಿಳಿ ಗವಸಿನ ಕೈ ಬಾಗಿಲ ಹಿಡಿಯನ್ನು ಬಿಗಿಯಾಗಿ ಹಿಡಿದಿತ್ತು. ಅದು ಬಾಗಿಲನ್ನು ತೆರೆಯಲೂ ಇಲ್ಲ, ಹಿಡಿಯನ್ನು ಬಿಡಲೂ ಇಲ್ಲ.