ಕ್ಯಾಪ್ಸೂಲಿನ ಸಿಪ್ಪೆ

"ಗುಳಿಗಿ ಹಿಂಗ ನೀರಾಗ ಕಲಸಿ ಕೊಡ್ತೀವ್ರಿ," ಎಂದು ದ್ರೌಪದಿ ಲೋಟ ತಂದು ಗಂಡ ಜಯಪಾಲನ ಮುಂದಿಟ್ಟಳು. ನಿಪ್ಪಾಣಿಯಲ್ಲಿ ಬಸ್ಸು ಬದಲಿಸಿ ಬೋರಗಾಂವಕ್ಕೆ ಬಂದಿದ್ದ ಮನೀಷಾ ಬಾಯಿಗೆ ಹಿಡಿದ ಚಹಾ ಹಾಗೇ ಕೆಳಗಿಟ್ಟಳು. ಬೆಳಗಾವಿಯ ದವಾಖಾನೆಯೊಂದರಲ್ಲಿ ಹೊಸ ಔಷಧದ ಪ್ರಯೋಗ ನಡೆದಿತ್ತು. ಅದಕ್ಕೆ ಸೇರಿದ ರೋಗಿಗಳು ಗುಳಿಗೆ ಸರಿಯಾಗಿ ನುಂಗುತ್ತಾರೋ ಇಲ್ಲವೋ ಎಂದು ಮನೆಗೆ ಹೋಗಿ ನೋಡುವುದು ಅವಳ ಕೆಲಸ.

"ಕ್ಯಾಪ್ಸೂಲ್ ಬಿಚ್ಚಿ ಹಾಕ್ತೀರೇನ್ರಿ ಕಾಕೂ?"

"ಮತ್ತ? ಅದರ ಸಿಪ್ಪಿ ದನದ ಎಲುಬಿಂದ ಮಾಡ್ತಾರಂತ. ನಾವು ಜೈನ ಮಂದಿ. ಇವ್ರು ಮುನಿ ಮಹಾರಾಜರ ಮುಂದ ನೇಮ ತಗೊಂಡಾರ. ರೋಗ ಎಲುಬಿನಾಗ ಐತಿ ಅಂತ ಎಲುಬ ತಿನ್ನಾಕ ಬರ್ತೈತೇನ್ರಿ?"

ಜಯಪಾಲನಿಗೆ ಮಲ್ಟಿಪಲ್ ಮೈಲೋಮಾ, ಎಲುಬಿನ ಮಜ್ಜೆಯ ಕ್ಯಾನ್ಸರ್. ಹೋದ ವರ್ಷ ಬರೀ ಕೆಮ್ಮಿದ್ದಕ್ಕೆ ಪಕ್ಕೆಲುಬು ಮುರಿದುಕೊಂಡ ಮನುಷ್ಯ, ಈಗ ಮಗನ ಪವರ್‌ಲೂಮ್ ಶೆಡ್ಡಿಗೆ ಹೋಗಿ ನೂಲು ಮುಟ್ಟಿ ನೋಡಿ ಬೈದು ಬರುವಷ್ಟು ಆಗಿದ್ದ. ಉಳಿದ ಔಷಧಗಳೆಲ್ಲ ಕೈಕೊಟ್ಟ ಮೇಲೆ ನಾಟಿದ್ದು ಇದೊಂದೇ. ಗುಳಿಗೆ ಬಿಚ್ಚಿ ನಿಯಮ ಮುರಿದನೆಂದು ಪ್ರಯೋಗದಿಂದ ಹೊರಗೆ ಹಾಕಿದರೆ ಇದೂ ಸಿಗುವುದಿಲ್ಲ. ಅವನ ಮುಖ ಸಪ್ಪಗಾಯಿತು.

"ಮೇಡಮ್ಮಾರ, ಇದೊಂದು ತಪ್ಪು ಹೊಟ್ಟ್ಯಾಗ ಹಾಕ್ಕೋರಿ. ನಾಳಿಂದ ಇಡೀದ ನುಂಗತೀನಿ. ನೇಮ ಬಿಡ್ತೀನಿ."

ಅಷ್ಟು ಸಲೀಸಾಗಿ ಬಿಡುವುದಿತ್ತೆಂದರೆ ಇಷ್ಟು ದಿನ ನಾವ್ಯಾಕೆ ಒದ್ದಾಡಬೇಕಿತ್ತು ಎಂದು ದ್ರೌಪದಿಗೆ ಮೈ ಉರಿಯಿತು.

ಮನೀಷಾಳಿಗೂ ಕರುಳಿತ್ತು. ಮೇಲಿನವರಿಗೆ ತಿಳಿಸದೆ ಬಿಟ್ಟರೆ ಯಾರಿಗೆ ಗೊತ್ತಾದೀತು ಎಂದುಕೊಂಡಳು. ಹಾಗೆಯೇ ಒಂದು ಮಾತು ಕೇಳಿದಳು.

"ಈ ಪುಡಿ ಕೈಗೆ ಹತ್ತಬಾರದ್ರಿ. ಬಿಚ್ಚಾವ್ರು ನೀವನ?"

"ನನಗೆಲ್ಲಿ ಕಣ್ಣ ಕಾಣ್ತಾವ್ರಿ. ಸೊಸಿ ನೀಲಮ ಬಿಚ್ಚತಾಳ. ಆಕಿ ಕೈ ಭಾಳ ನಾಜೂಕ."

"ಆಕಿ ಬಸುರಿ ಏನ ಅಲ್ಲಲ್ರಿ?"

ದ್ರೌಪದಿ ಗಂಡನತ್ತ ನೋಡಿ ಸೆರಗು ಬಾಯಿಗೆ ಒತ್ತಿಕೊಂಡಳು. ಮೂರು ತಿಂಗಳು ತುಂಬುವ ತನಕ ಆ ಸುದ್ದಿಯನ್ನು ಆ ಮನೆಯ ಹೆಂಗಸರು ಮಾವನ ಕಿವಿಗೆ ಹಾಕುತ್ತಿರಲಿಲ್ಲ. "ಮೂರರಾಗ ಬಿದ್ದೈತ್ರಿ," ಎಂದಳು ನಾಚಿಕೊಂಡು.

ಮನೀಷಾ ಜಯಪಾಲನ ಕಡೆ ತಿರುಗಿದಳು. "ಕಾಕಾ, ಬಸುರಿದ್ದಾವ್ರು ಇದನ್ನ ಮುಟ್ಟಬಾರದು, ಹೊಟ್ಟ್ಯಾಗಿನ ಕೂಸಿಗೆ ಕೈಕಾಲು ಬೆಳೀದ ಹೋಗಬಹುದು ಅಂತ ಮೊದಲನೇ ದಿನಾನ ಹೇಳಿದ್ದೆ. ಮನ್ಯಾಗ ಹೇಳಲಿಲ್ಲೇನ್ರಿ?"

ಹೇಳಿರಲಿಲ್ಲ. ಸೊಸೆಯ ಬಸಿರಿನ ಮಾತು ಮಾವನಾದವನು ಯಾವ ಬಾಯಿಂದ ಎತ್ತಬೇಕು? ಹೆಂಡತಿಯ ಮುಂದೆ ಆಡುವುದಕ್ಕೂ ಸಂಕೋಚವಾಗಿತ್ತು. ಮನೆಯಲ್ಲಿ ಅಂಥವರು ಯಾರಿದ್ದಾರೆ ಎಂದು ಸುಮ್ಮನಾಗಿದ್ದ. ಮರ್ಯಾದೆಯನ್ನೇನೋ ಎಲ್ಲರೂ ಚೆನ್ನಾಗಿಯೇ ಕಾಪಾಡಿಕೊಂಡಿದ್ದರು.

ಮನೀಷಾ ಫೋನು ತೆಗೆದು ಡಾಕ್ಟರರಿಗೆ ಹಚ್ಚಿದಳು. ಇನ್ನು ಮುಚ್ಚಿಡುವಂತಿರಲಿಲ್ಲ. ಜಯಪಾಲ ಬೇಡ ಅನ್ನಲಿಲ್ಲ.

ಹಿತ್ತಲಲ್ಲಿ ನಳದ ನೀರು ಬೀಳುವ ಸದ್ದು ಬಂತು. ದ್ರೌಪದಿ ಸೊಸೆಯನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು, ಅವಳ ಒಂದೊಂದೇ ಬೆರಳು ಹಿಡಿದು, ಉಗುರಿನ ಸಂದಿಯಲ್ಲೆಲ್ಲ ಸೋಪು ಹಚ್ಚಿ ತಿಕ್ಕುತ್ತಿದ್ದಳು.

"ಅತ್ತಿ, ಆಗಳೇ ತೊಳಕೊಂಡೇನ್ರಿ," ಎಂದು ನೀಲಮ ನಕ್ಕಳು. "ಸಾಕ ಬಿಡ್ರಿ, ಉರೀತಾವ."

ದ್ರೌಪದಿ ಮತ್ತೊಂದು ಕೈ ಎಳೆದುಕೊಂಡಳು.